ಮಾದಪ್ಪನಿಗೆ ಬಿಟ್ಟ ಮುಡಿ

ಚಾಮರಾಜಪುರಂನಲ್ಲಿ ನನ್ನದೊಂದು ಕಟಿಂಗ್ ಶಾಪ್ ಇದೆ. ಎರಡು ಕುರ್ಚಿ, ಗೋಡೆಯಗಲದ ಕನ್ನಡಿ, ಬಾಗಿಲ ಮೇಲೆ ಮಾದಪ್ಪನ ಪಟ. ಅಪ್ಪನ ಕಾಲದಲ್ಲಿ ಮರದ ಕುರ್ಚಿ ಒಂದೇ ಇತ್ತು. ಅಪ್ಪನ ಕೈ ನಡುಗಲು ಶುರುವಾದಾಗ ನಾನು ಆರನೇ ಕ್ಲಾಸಿನಲ್ಲಿದ್ದೆ. ಮೇಷ್ಟ್ರು ಮನೆಗೆ ಬಂದು, "ಹುಡುಗ ಚುರುಕಾಗಿದ್ದಾನೆ, ಸ್ಕೂಲು ಬಿಡಿಸಬೇಡಿ" ಅಂದರು. ಅಪ್ಪ ತಮ್ಮ ಎರಡೂ ಕೈ ಮುಂದೆ ಚಾಚಿ ತೋರಿಸಿದರು. ಮೇಷ್ಟ್ರು ಕಾಫಿಯನ್ನೂ ಕುಡಿಯದೆ ಎದ್ದು ಹೋದರು. ಮಾರನೇ ದಿನದಿಂದ ನಾನು ಅಂಗಡಿಯಲ್ಲಿ. ಅದರ ಬಗ್ಗೆ ನನಗೆ ಬೇಜಾರಿಲ್ಲ. ಲಕ್ಷ್ಮೀಪುರಂ ಕಡೆಯಿಂದ ವಕೀಲರು, ಪ್ರೊಫೆಸರುಗಳು ಇವತ್ತಿಗೂ ನನ್ನನ್ನೇ ಹುಡುಕಿಕೊಂಡು ಬರುತ್ತಾರೆ. ಎಷ್ಟು ಓದಿದವನಾದರೂ ನನ್ನ ಕುರ್ಚಿಯಲ್ಲಿ ಕೂತಮೇಲೆ ನಾನು ತಿರುಗಿಸಿದ ಕಡೆಗೇ ತಲೆ ತಿರುಗಿಸಬೇಕು.

ಅಂಗಡಿಯ ಜೊತೆಗೆ ಇನ್ನೊಂದು ಕೆಲಸವೂ ಅಪ್ಪನಿಂದ ನನಗೆ ಬಂತು. ಸರ್ಕಾರ ನಡೆಸುವ ಗಂಡುಮಕ್ಕಳ ನಿಲಯವೊಂದಕ್ಕೆ ಬುಧವಾರ ಬುಧವಾರ ಹೋಗಿ ಮಕ್ಕಳ ತಲೆ ನೋಡಿಕೊಳ್ಳುವುದು. ತಂದೆತಾಯಿ ಇಲ್ಲದವರು, ಇದ್ದೂ ಅವರಿಂದ ಸಾಕಲಾಗದೆ ಬಿಟ್ಟವರು, ರೈಲಿನಲ್ಲಿ, ಬಸ್ ಸ್ಟ್ಯಾಂಡಿನಲ್ಲಿ ಒಂಟಿಯಾಗಿ ಸಿಕ್ಕಿದವರು, ಇಂಥ ಮಕ್ಕಳು ಅಲ್ಲಿಗೆ ಬರುತ್ತಾರೆ. ಹೊಸ ಮಗು ಬಂತು ಅಂದರೆ ಮೊದಲು ತಲೆ ಬೋಳಿಸಬೇಕು. ಆಮೇಲೆ ಸ್ನಾನ, ಆಮೇಲೆ ನಿಲಯದ ಬಟ್ಟೆ, ಕೊನೆಗೆ ಊಟ. ಈ ಕ್ರಮವನ್ನು ಯಾರು ಮಾಡಿದರೋ ಯಾರಿಗೂ ಗೊತ್ತಿರಲಿಲ್ಲ. ಅಪ್ಪ ಮಾಡಿದರು, ನಾನು ಮಾಡಿದೆ. ಒಂದು ತಲೆಗೆ ಹಾಕಿದ ಬ್ಲೇಡನ್ನು ಇನ್ನೊಂದು ತಲೆಗೆ ನಾನು ಹಾಕಿದವನಲ್ಲ. ಎಷ್ಟೇ ಒದ್ದಾಡುವ ಮಗುವಾದರೂ ನನ್ನ ಕೈಯಲ್ಲಿ ರಕ್ತ ಕಂಡಿಲ್ಲ. ಮಾಡಿಸಿದ್ದು ಅವರು, ಅಚ್ಚುಕಟ್ಟಾಗಿ ಮಾಡಿದ್ದು ನಾನು. ಅಷ್ಟೇ ಲೆಕ್ಕ.

ಕೆಲವು ವರ್ಷಗಳ ಹಿಂದೆ ಆ ನಿಲಯಕ್ಕೆ ಹೊಸ ಸೂಪರಿಂಟೆಂಡೆಂಟ್ ಬಂದರು. ನಲವತ್ತರ ಆಸುಪಾಸಿನ ಹೆಂಗಸು, ಸ್ಕೂಟರಿನಲ್ಲಿ ಬರುತ್ತಿದ್ದರು, ಮಾತು ಕಡಿಮೆ. ಬಂದ ಮೊದಲ ಬುಧವಾರವೇ ಕುರ್ಚಿ ತರಿಸಿಕೊಂಡು ಹಿಂದಿನ ಜಗಲಿಯಲ್ಲಿ ನನ್ನ ಪಕ್ಕ ಕೂತರು. ಅವತ್ತು ಇಬ್ಬರು ಹೊಸ ಹುಡುಗರಿದ್ದರು. ಒಬ್ಬನದು ಮುಗಿಯುವ ತನಕ ನೋಡಿ, ಅಲ್ಲೇ ನಿಂತಿದ್ದ ವಾರ್ಡನ್‌ನನ್ನು ಕೇಳಿದರು.

"ಯಾಕೆ ಬೋಳಿಸೋದು?"

"ಹೇನು ಮೇಡಂ."

"ಈ ಹುಡುಗನಿಗೆ ಹೇನಿತ್ತಾ?"

ವಾರ್ಡನ್ ನನ್ನ ಮುಖ ನೋಡಿದ. ನಾನು ಇಲ್ಲವೆಂದು ತಲೆಯಾಡಿಸಿದೆ.

"ಹೇನಿಲ್ದೋರಿಗೂ ಮಾಡಿಬಿಡ್ತೀವಿ ಮೇಡಂ," ಅಂದ ವಾರ್ಡನ್. "ಹೊಸದ್ರಲ್ಲಿ ಗೋಡೆ ಹಾರಿ ಓಡೋಗ್ತವೆ ಕಣ್ರೀ. ಬೋಳು ತಲೆ ಇದ್ರೆ ಪೊಲೀಸ್ನೋರಿಗೆ ಗುರುತು ಹಿಡಿಯೋದು ಸುಲಭ."

ಮೇಡಂ "ಹೌದಾ" ಅಂದರು, ಅಷ್ಟೇ. ನಿಲ್ಲಿಸಿ ಅನ್ನಲಿಲ್ಲ, ಮುಂದುವರಿಸಿ ಅಂತಲೂ ಅನ್ನಲಿಲ್ಲ. ಎರಡನೇ ಹುಡುಗನದನ್ನೂ ನಾನು ಮುಗಿಸಿದೆ. ಅದು ಮುಗಿಯುವ ತನಕ ಕೂತಿದ್ದು, ಎದ್ದು ಹೋದರು.

ವಾರ್ಡನ್ ಆ ನಿಲಯದಲ್ಲೇ ತಲೆ ನರೆಸಿಕೊಂಡವನು. ಮೇಡಂ ಅತ್ತ ಹೋದಮೇಲೆ ನನ್ನ ಹತ್ತಿರ ಬಂದು, "ನೋಡ್ತಾ ಇರಿ, ಮುಂದಿನ ವಾರ ಒಂದು ಆರ್ಡರ್ ಬರ್ತದೆ. ಹೊಸ ಪೊರಕೆ ಅಲ್ವಾ, ಜೋರಾಗೇ ಗುಡಿಸ್ತದೆ" ಅಂದ. ಆರ್ಡರ್ ಬರಲಿಲ್ಲ. ವಾರಗಳು ಹೋದವು. ಮೇಡಂ ಅಡುಗೆಮನೆಯಲ್ಲಿ ಕೂರುವರು, ಮಕ್ಕಳು ಮಲಗುವ ಹಾಲಿನಲ್ಲಿ ಕೂರುವರು, ಬುಧವಾರ ನನ್ನ ಪಕ್ಕ ಕೂರುವರು. ಇವರಿಗೆ ಧೈರ್ಯ ಸಾಲದು, ವಾರ್ಡನ್‌ಗೆ ಹೆದರಿಕೊಂಡಿದ್ದಾರೆ ಅಂತಲೇ ನಾನು ತಿಳಿದಿದ್ದೆ.

ಆ ಹೊತ್ತಿಗೆ ಒಬ್ಬ ಹುಡುಗ ಬಂದ. ಒಂಬತ್ತೋ ಹತ್ತೋ ವರ್ಷ ಇರಬಹುದು. ಹೆಬ್ಬಾಳದ ಕಡೆ ಕಟ್ಟಡದ ಕೆಲಸ ಮಾಡುತ್ತಿದ್ದ ಅವನ ತಾಯಿ ಇಟ್ಟಿಗೆ ಹೊರುವಾಗಲೇ ಕೆಮ್ಮಿ ಕುಸಿದು ಬಿದ್ದಿದ್ದಳಂತೆ. ಆಸ್ಪತ್ರೆಗೆ ಸೇರಿಸಿದರು. ಟಿ.ಬಿ. ಅಂತ ಗೊತ್ತಾಯಿತು. ತಂದೆ ಯಾವತ್ತೋ ಬಿಟ್ಟುಹೋಗಿದ್ದ. ವಾರ್ಡಿನ ಬಾಗಿಲಲ್ಲಿ ಮಲಗಿರುತ್ತಿದ್ದ ಹುಡುಗನನ್ನು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ತಂದರು, ಸಮಿತಿಯವರು ನಿಲಯಕ್ಕೆ ಕಳಿಸಿದರು. ಹುಡುಗನ ಕೂದಲು ಬೆನ್ನು ದಾಟಿ ಸೊಂಟಕ್ಕೆ ಬಂದಿತ್ತು. ಸಿಮೆಂಟಿನ ಧೂಳು, ಗಂಟು, ಹೇನು, ಸೀರು. ನನ್ನ ಇಷ್ಟು ವರ್ಷದ ಕೆಲಸದಲ್ಲಿ ಅಂಥ ತಲೆ ಕಂಡಿರಲಿಲ್ಲ.

ನಾನು ನೀರು ಚಿಮುಕಿಸಲು ಕೈ ಚಾಚಿದ್ದೇ ತಡ, ಹುಡುಗ ಎದ್ದು ಗೋಡೆಗೆ ಬೆನ್ನು ಕೊಟ್ಟು ನಿಂತ. ವಾರ್ಡನ್ ಅವನ ರಟ್ಟೆ ಹಿಡಿದ. ಆಗ ಕೂಗಿದ ನೋಡಿ, ಅಡುಗೆಮನೆಯಿಂದ ಅಡುಗೆಯಮ್ಮ ಓಡಿಬಂದಳು.

"ಮುಟ್ಬ್ಯಾಡಿ! ಮಾದಪ್ಪಂಗೆ ಬುಟ್ಟಿರೋ ಮುಡಿ ಇದು! ನಮ್ಮವ್ವ ಬುಟ್ಟವ್ಳೆ! ತಗುದ್ರೆ ಅವ್ವ ಉಳಿಯಲ್ಲ!"

ವಾರ್ಡನ್ ಹಿಡಿದ ಕೈ ತಾನಾಗಿ ಸಡಿಲವಾಯಿತು. ಅಡುಗೆಯಮ್ಮ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು, "ಉಘೇ ಮಾದಪ್ಪ" ಅಂದು ಕೈ ಮುಗಿದಳು. ನಾನು ಕ್ಷೌರದ ಕತ್ತಿಯನ್ನು ಮಡಿಸಿ ಪೆಟ್ಟಿಗೆಯಲ್ಲಿಟ್ಟೆ. ನಮ್ಮ ಮನೆದೇವರು ಮಾದಪ್ಪ. ಮಗುವಿಗೆ ಕಾಯಿಲೆಯಾಗಿ ವಾಸಿಯಾದರೆ ಮಾದಪ್ಪನ ಬೆಟ್ಟಕ್ಕೆ ಬಂದು ಕೂದಲು ಕೊಡುತ್ತೇನೆ ಅಂತ ಹೇಳಿಕೊಳ್ಳುವುದು ನಮ್ಮ ಕಡೆ ಮನೆಮನೆಯಲ್ಲೂ ಇದ್ದದ್ದೇ. ಹಾಗೆ ಬಿಟ್ಟ ಮುಡಿಯನ್ನು ಬೆಟ್ಟದಲ್ಲಿ ಅಲ್ಲದೆ ಬೇರೆ ಕಡೆ ತೆಗೆಯುವ ಕೈ ನನ್ನದಲ್ಲ. ಅದನ್ನೇ ಹೇಳಿದೆ.

ವಾರ್ಡನ್ ಪೇಚಿಗೆ ಸಿಕ್ಕಿಕೊಂಡ. "ಹಂಗಂತ ಈ ಹೇನಿನ ಗೂಡು ತಕ್ಕೊಂಡೋಗಿ ಎಲ್ಲಾ ಹುಡುಗ್ರ ಮಧ್ಯೆ ಮಲಗಿಸಕ್ಕಾಗತ್ತಾ ಮೇಡಂ?"

ಮೇಡಂ ನನ್ನ ಕಡೆ ತಿರುಗಿದರು. "ಯಜಮಾನ್ರೇ, ಕೂದಲು ತೆಗೀದೆ ಹೇನು ತೆಗಿಯಕ್ಕಾಗತ್ತಾ?"

"ಆಗತ್ತೆ ಮೇಡಂ. ಆದ್ರೆ ಅದು ಹೆಣ್ಣುಮಕ್ಕಳ ಕೆಲಸ. ದಿನಗಟ್ಲೆ ಬಾಚ್ತಾ ಕೂರ್ಬೇಕು."

"ಇಲ್ಲಿ ಅಷ್ಟು ಕೈ ಖಾಲಿ ಇರೋರು ಯಾರೂ ಇಲ್ಲ," ಅಂದರು. ಹುಡುಗ ಗೋಡೆಗೆ ಒತ್ತಿಕೊಂಡು ನನ್ನನ್ನೇ ನೋಡುತ್ತಿದ್ದ. ಮಾದಪ್ಪನ ಕೆಲಸ ಮನೆ ಬಾಗಿಲಿಗೆ ಬಂದಾಗ ಇಲ್ಲ ಅನ್ನುವುದು ಹೇಗೆ? ಮಂಗಳವಾರ ನಮ್ಮ ಕಸುಬಿನವರಿಗೆ ರಜೆ, ಅವತ್ತು ಕತ್ತರಿ ಮುಟ್ಟುವುದಿಲ್ಲ. ಬಾಚಣಿಗೆ ಮುಟ್ಟಬಾರದು ಅಂತ ಎಲ್ಲೂ ಇಲ್ಲವಲ್ಲ. "ಮಂಗಳವಾರ ಬರ್ತೀನಿ. ದುಡ್ಡು ಬೇಡ," ಅಂದೆ.

ಹೀಗೆ ಶುರುವಾದದ್ದು ವರ್ಷದ ಹತ್ತಿರ ನಡೆಯಿತು. ಮೊದಲ ತಿಂಗಳು ಹುಡುಗ ಹಾಲಿನ ಒಂದು ಮೂಲೆಯಲ್ಲಿ ಬೇರೆ ಮಲಗಿದ. ಬೇವಿನೆಣ್ಣೆ ಹಚ್ಚಿ, ಸಣ್ಣ ಹಲ್ಲಿನ ಬಾಚಣಿಗೆಯಲ್ಲಿ ಎಳೆ ಎಳೆ ಬಿಡಿಸಿ, ಸೀಗೆಪುಡಿಯಲ್ಲಿ ಉಜ್ಜಿ ತೊಳೆದು, ಮತ್ತೆ ಬಾಚುವುದು. ಗಂಟು ಬಿಡಿಸುವಾಗ ಎಳೆದರೆ ನೋಯುತ್ತದೆ, ಬುಡ ಹಿಡಿದು ತುದಿಯಿಂದ ಬಿಡಿಸಬೇಕು. ರಜೆಯ ದಿನ ಮನೆಯಲ್ಲಿ ಮಲಗುವುದು ಬಿಟ್ಟು ಸೈಕಲ್ ಹತ್ತಿದರೆ ಹೆಂಡತಿ, "ನಿಮ್ ಮಗಳ ಜಡೆ ಒಂದಿನಾನೂ ಹೆಣೀಲಿಲ್ಲ, ಈಗ ಯಾರದೋ ಮಗಂಗೆ ಹೋಗ್ತಾ ಇದೀರ" ಅನ್ನುತ್ತಿದ್ದಳು. ಅಂದರೂ ಎಣ್ಣೆ ಬಾಟಲಿ ಅವಳೇ ತುಂಬಿ ಕೊಡುತ್ತಿದ್ದಳು.

ಹುಡುಗ ಮೊದಮೊದಲು ಬಾಯಿ ಬಿಡುತ್ತಿರಲಿಲ್ಲ. ಎರಡು ಕೈಯನ್ನೂ ಕಿವಿಯ ಪಕ್ಕ ಸಿದ್ಧವಾಗಿ ಇಟ್ಟುಕೊಂಡೇ ಕೂರುತ್ತಿದ್ದ, ನಾನು ಕತ್ತರಿ ತೆಗೆದರೆ ತಡೆಯುವುದಕ್ಕೆ. ನನ್ನ ಪೆಟ್ಟಿಗೆ ತೆರೆಸಿ, ಒಳಗೆ ಬಾಚಣಿಗೆ ಬಿಟ್ಟು ಬೇರೇನೂ ಇಲ್ಲ ಅಂತ ನೋಡಿಕೊಂಡ ಮೇಲೆಯೇ ತಲೆ ಕೊಡುವುದು. ಕೆಲವು ವಾರ ಕಳೆದ ಮೇಲೆ ಒಂದು ದಿನ ಕೈ ಕೆಳಗಿಳಿಯಿತು. ಅದೇ ದಿನ ಬಾಯೂ ಬಿಟ್ಟ.

"ಮಾಮ, ನಿಮ್ ತಲೇಲಿ ಯಾಕೆ ಒಂದ್ಕೂದಲೂ ಇಲ್ಲ? ವಾರ್ಡನ್ನು ನಿಮ್ನೂ ಹಿಡ್ಕೊಂಡ್ಬುಟ್ಟಿದ್ರಾ?"

ನಾನು ನಲವತ್ತಕ್ಕೇ ಬೋಳಾದವನು. ಅಂಗಡಿಯಲ್ಲಿ ಬೇರೆ ಯಾರಾದರೂ ಕೇಳಿದ್ದರೆ ಸುಮ್ಮನೆ ಬಿಡುತ್ತಿರಲಿಲ್ಲ. "ಸುಮ್ನೆ ಕೂತ್ಕೊಳ್ಲಾ, ಇಲ್ಲಾಂದ್ರೆ ನಿಂದು ಕಿತ್ತು ನನಗೆ ಅಂಟಿಸ್ಕೋತೀನಿ," ಅಂದೆ. ಅವನು ಬಾಯಿ ಮುಚ್ಚಿಕೊಂಡು ನಕ್ಕದ್ದು ಬೆನ್ನು ಕುಲುಕಿದ್ದರಿಂದ ಗೊತ್ತಾಯಿತು.

ಪ್ರತಿ ವಾರವೂ ಕೇಳುವುದು ಒಂದೇ. "ಅವ್ವ ಬರೋ ಗಂಟ ಯಾರೂ ತಗ್ಯಲ್ಲ ಅಲ್ವಾ?" ನಾನು ಹೇಳುವುದೂ ಒಂದೇ. "ನಾನಿರೋ ಗಂಟ ಯಾರೂ ಮುಟ್ಟಲ್ಲ ಕಣ್ಲಾ." ಆ ತಲೆ ನನ್ನ ಜವಾಬ್ದಾರಿ ಅನ್ನಿಸಿಬಿಟ್ಟಿತ್ತು. ಮೇಡಂ ಅವನನ್ನು ಆಗಾಗ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದರು. ವಾರ್ಡಿನ ಒಳಗೆ ಬಿಡುತ್ತಿರಲಿಲ್ಲ, ಕಿಟಕಿಯ ಆಚೆಯಿಂದ ನೋಡುವುದು. ಹುಡುಗ ಎರಡು ಹಿಡಿ ಕೂದಲನ್ನು ಮುಂದಕ್ಕೆ ಎಳೆದು ಎತ್ತಿ ತೋರಿಸುತ್ತಿದ್ದನಂತೆ. ತಾಯಿ ಮಲಗಿದಲ್ಲಿಂದಲೇ ಕೈ ಎತ್ತುತ್ತಿದ್ದಳಂತೆ.

ಇಷ್ಟರಲ್ಲಿ ನಿಲಯದಲ್ಲಿ ಇನ್ನೊಂದು ವಿಚಿತ್ರ ಶುರುವಾಯಿತು. ಬುಧವಾರ ಹೊಸ ಹುಡುಗನನ್ನು ಕೂರಿಸಿದರೆ, "ನಂದು ಚಾಮುಂಡಮ್ಮಂಗೆ ಬಿಟ್ಟಿರೋದು" ಅನ್ನುವನು. ಮುಂದಿನ ವಾರ ಬಂದವನು, "ನಂದು ನಂಜುಂಡಪ್ಪಂಗೆ." ಅದರ ಮುಂದಿನವನು ಮುಸ್ಲಿಮರ ಹುಡುಗ. "ನಮ್ದು ದರ್ಗಾಕ್ಕೆ, ಸಾಬ್" ಅಂದ. ಮೂರು ಬೆರಳು ಉದ್ದದ ಕೂದಲಿನವನೂ ಹರಕೆಯ ಮುಡಿ ಅಂತಲೇ ಹೇಳುವನು. ಹಳೇ ಹುಡುಗರು ಹೊಸಬರಿಗೆ ಗೇಟಿನಲ್ಲೇ ಪಾಠ ಹೇಳಿಕೊಡುತ್ತಿದ್ದರು.

ವಾರ್ಡನ್‌ಗೆ ಕೋಪ ನೆತ್ತಿಗೇರಿತು. "ಮೇಡಂ, ಹುಡುಗ್ರು ನಮ್ಮನ್ನ ಕುರಿ ಮಾಡ್ತಾ ಇದಾವೆ. ಒಬ್ಬ ಹುಡುಗ ಮೊನ್ನೆ ಯಾವ ದೇವ್ರು ಅಂದ್ರೆ 'ತಾಳಿ ಸಾರ್, ಕೇಳ್ಕೊಂಡ್ ಬರ್ತೀನಿ' ಅಂತಾನೆ! ಎಲ್ಲಾ ಸುಳ್ಳು."

"ಇರಬಹುದು," ಅಂದರು ಮೇಡಂ. "ಯಾವುದು ಸುಳ್ಳು, ಯಾವುದು ನಿಜ ಅಂತ ನೀವು ಆರಿಸಿ ಕೊಡಿ. ಸುಳ್ಳಿನವರದ್ದು ಬೋಳಿಸೋಣ."

ಯಾವುದೇ ದೇವರ ಮುಡಿಯನ್ನು ಸುಳ್ಳು ಅಂತ ಹೇಳುವ ಎದೆ ಯಾರಿಗಿದೆ? ನನಗೂ ಇರಲಿಲ್ಲ. ಹೀಗೆ ಬುಧವಾರ ನಾನು ಹೋಗುವುದು, ಹಳೇ ಹುಡುಗರಿಗೆ ಕಟಿಂಗ್ ಮಾಡುವುದು, ಹೊಸಬರ ತಲೆಯಲ್ಲಿ ಹೇನಿದ್ದರೆ ಎಣ್ಣೆ ಕೊಟ್ಟು ಬರುವುದು. ಕತ್ತಿ ಪೆಟ್ಟಿಗೆಯಲ್ಲೇ ಇರುತ್ತಿತ್ತು.

ಆಮೇಲೆ ಒಂದು ಬುಧವಾರ ಐದಾರು ವರ್ಷದ ಒಂದು ಮಗು ಬಂತು. ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದ್ದು. ಊರು ಯಾವುದು, ಗೊತ್ತಿಲ್ಲ. ಅಪ್ಪ ಅಮ್ಮ, ಗೊತ್ತಿಲ್ಲ. ಅವನಿಗೆ ಪಾಠ ಹೇಳಿಕೊಡಲು ಹುಡುಗರಿಗೆ ಸಮಯ ಸಿಕ್ಕಿರಲಿಲ್ಲ ಅಂತ ಕಾಣುತ್ತದೆ. ವಾರ್ಡನ್ ಬೇಸರದಿಂದ, "ಯಾವ ದೇವ್ರಪ್ಪ ನಿಂದು?" ಅಂದ.

"ನಂಗ್ಯಾವ ದೇವ್ರೂ ಗೊತ್ತಿಲ್ಲ," ಅಂತು ಮಗು. ಹೇಳಿ, ಕೇಳುವ ಮುಂಚೆಯೇ ನನ್ನ ಮುಂದೆ ಕುಕ್ಕರುಗಾಲಲ್ಲಿ ಕೂತು ತಲೆ ಬಗ್ಗಿಸಿತು. ಹಿಂದೆಯೂ ಎಲ್ಲೋ ಬೋಳಿಸಿದ್ದಾರೆ ಅಂತ ಆ ಕೂತ ರೀತಿಯಲ್ಲೇ ತಿಳಿಯುತ್ತಿತ್ತು.

"ಹೂಂ, ಇವನದು ಮಾಡಿ," ಅಂದ ವಾರ್ಡನ್. ನಾನು ತಲೆಗೆ ನೀರು ಹಚ್ಚಿದೆ. ಮೇಡಂ ಬಾಗಿಲಲ್ಲಿ ನಿಂತಿದ್ದರು. ದನಿ ಏರಿಸದೆ ವಾರ್ಡನ್‌ನನ್ನು ಕೇಳಿದರು.

"ದೇವರು ಇರೋರ ಕೂದಲು ಉಳೀತು. ಇವನಿಗೆ ಯಾರೂ ಇಲ್ಲ. ಅದಕ್ಕೆ ಇವನದು ಹೋಗಬೇಕಾ?"

ಆ ಮಗುವಿನ ನೆತ್ತಿಯಿಂದ ನೀರು ಇಳಿದು ಮೂಗಿನ ತುದಿಯಲ್ಲಿ ತೊಟ್ಟಿಕ್ಕುತ್ತಿತ್ತು. ಅದು ಒರೆಸಿಕೊಳ್ಳದೆ ಹಾಗೇ ಬಗ್ಗಿ ಕೂತಿತ್ತು. ವಾರ್ಡನ್ ತನ್ನ ಕತ್ತಿನ ಹಿಂಭಾಗ ಉಜ್ಜಿಕೊಂಡ. ನನ್ನ ಕಡೆ ನೋಡದೆ ಹೇಳಿದ.

"ಹೇನಿದ್ಯಾ ನೋಡ್ರೀ."

ನೋಡಿದೆ. "ಇಲ್ಲ."

"ಹಂಗಾದ್ರೆ ಬುಡಿ. ಮೊದ್ಲು ಊಟ ಮಾಡ್ಲಿ ಮಗು."

ಅಷ್ಟೇ. ಮೇಡಂ ಅಲ್ಲ, ವಾರ್ಡನ್ನೇ ಹೇಳಿದ್ದು. ಅದೇ ವಾರ ಮೇಡಂ ಎಲ್ಲ ಕೆಲಸದವರನ್ನೂ ಅಡುಗೆಮನೆಯಲ್ಲಿ ಕೂರಿಸಿ ಮಾತಾಡಿದರು, ನನ್ನನ್ನೂ ಕರೆದರು. ಮೊದಲು ಊಟ, ಆಮೇಲೆ ಸ್ನಾನ. ತಲೆಯ ವಿಷಯ ವಾರ ಬಿಟ್ಟು, ಮಗುವನ್ನೇ ಕೇಳಿ. ಹೇನಿದ್ದರೆ ಔಷಧಿ. ಹಾಗಂತ ತೀರ್ಮಾನವಾಯಿತು. ಜಗಲಿಯಲ್ಲಿ ಕನ್ನಡಿ ಬೇಕು ಅಂದೆ ನಾನು. ಕನ್ನಡಿ ಇಲ್ಲದೆ ಯಾವ ಗಿರಾಕಿ ತನಗೆ ಹೇಗೆ ಬೇಕು ಅಂತ ಹೇಳುತ್ತಾನೆ? ನನ್ನ ಹಳೇ ಮರದ ಕುರ್ಚಿಯನ್ನೂ ಆಟೋದಲ್ಲಿ ಹಾಕಿಕೊಂಡು ಹೋಗಿ ಕೊಟ್ಟುಬಂದೆ.

ಇಲ್ಲಿ ಒಂದು ಮಾತು ಮುಂದಾಗಿ ಹೇಳಿಬಿಡುತ್ತೇನೆ. ಆ ಮೇಡಂ ಈಗ ಇಲ್ಲ, ಬೇರೆ ಜಿಲ್ಲೆಗೆ ವರ್ಗವಾಯಿತು. ಅವರ ಜಾಗಕ್ಕೆ ಬಂದ ಸಾಹೇಬರು ಮೊದಲ ವಾರ, "ಇದೇನ್ರೀ, ಅನಾಥಾಲಯವೋ ಸಲೂನೋ? ಬೋಳಿಸಿ ಬಿಸಾಕಿ ಎಲ್ಲರದ್ದೂ, ಶಿಸ್ತು ಇರ್ಬೇಕು" ಅಂದರು. ಅವತ್ತು ಎದುರಿಗೆ ನಿಂತು, "ಸಾರ್, ನಮ್ಮಲ್ಲಿ ಆ ಪದ್ಧತಿ ಇಲ್ಲ" ಅಂದವನು ಅದೇ ವಾರ್ಡನ್. ನಾನು ಕುರ್ಚಿ ಒರೆಸುತ್ತಾ ಕೇಳಿಸಿಕೊಂಡೆ. ಯಾವತ್ತಿನಿಂದ ಇಲ್ಲ ಅಂತ ಸಾಹೇಬರು ಕೇಳಲಿಲ್ಲ, ಅವನೂ ಹೇಳಲಿಲ್ಲ. ಆರ್ಡರ್ ಹಾಕಿ ನಿಲ್ಲಿಸಿದ್ದರೆ ಇನ್ನೊಂದು ಆರ್ಡರಿನಲ್ಲಿ ಮತ್ತೆ ಶುರುವಾಗುತ್ತಿತ್ತು ಅಂತ ನನಗೆ ಅರ್ಥವಾದದ್ದು ಆಗ.

ಮುಡಿಯ ಹುಡುಗನ ಕಥೆ ಇದಕ್ಕೂ ಮುಂಚಿನದು. ಅದನ್ನು ಮುಗಿಸಬೇಕು.

ತಾಯಿ ವಾಸಿಯಾದಳು. ಹೆಬ್ಬಾಳದ ಒಂದು ಕಾರ್ಖಾನೆಯ ಕ್ಯಾಂಟೀನಿನಲ್ಲಿ ತರಕಾರಿ ಹೆಚ್ಚುವ ಕೆಲಸ ಸಿಕ್ಕಿತು. ಮೇಡಂ ಓಡಾಡಿ ಒಂದು ಬಾಡಿಗೆ ಕೋಣೆಯನ್ನೂ ಹುಡುಕಿಸಿಕೊಟ್ಟಿದ್ದರು. ಸಮಿತಿಯವರು ಮಗನನ್ನು ಕಳಿಸಲು ಒಪ್ಪಿದರು. ಅವಳು ಬಂದದ್ದು ಒಂದು ಮಂಗಳವಾರ. ನನಗೆ ಮೊದಲೇ ತಿಳಿದಿದ್ದರಿಂದ ಬೆಳಿಗ್ಗೆಯೇ ಹೋಗಿ ಹುಡುಗನ ತಲೆ ತೊಳೆದು, ಒಣಗಿಸಿ, ಎಣ್ಣೆ ಹಚ್ಚಿ, ಬಿಗಿಯಾಗಿ ಜಡೆ ಹೆಣೆದು ಕೂರಿಸಿದ್ದೆ. ಕಪ್ಪಗೆ ಮಿರಮಿರ ಮಿಂಚುತ್ತಿತ್ತು. ಒಳ್ಳೇ ಕೆಲಸ ಮಾಡಿದ್ದೀನಿ ಅಂತ ನನಗೇ ಗೊತ್ತಿತ್ತು.

ಕಡ್ಡಿಯಂಥ ಹೆಂಗಸು, ತೊಟ್ಟ ರವಿಕೆ ತೋಳಿನಲ್ಲಿ ಜೋತಾಡುತ್ತಿತ್ತು. ಹುಡುಗ ಓಡಿಹೋಗಿ ಅವಳ ಹೊಟ್ಟೆಗೆ ಮುಖ ಒತ್ತಿದ. ಅವಳು ಅಳಲಿಲ್ಲ, ಅವನ ಜಡೆಯನ್ನು ಕೈಯಲ್ಲಿ ಹಿಡಿದುಕೊಂಡು ನಿಂತಳು. ನಾನು ತಡೆಯಲಾರದೆ ಮುಂದೆ ಹೋದೆ.

"ನೋಡಮ್ಮ, ನೀನು ಮಾದಪ್ಪಂಗೆ ಬಿಟ್ಟಿದ್ದ ಮುಡಿ. ಒಂದೆಳೆ ಕಮ್ಮಿಯಾಗಿಲ್ಲ. ಈಗ ನಿನ್ನ ಕೈಗೆ ಒಪ್ಪಿಸಿದ್ದೀನಿ."

ಅವಳು ನನ್ನನ್ನು ನೋಡಿದಳು. "ಯಾವ ಮುಡಿ ಸಾ? ನಾನ್ಯಾವ ಮುಡೀನೂ ಬುಟ್ಟಿಲ್ವಲ್ಲ."

ಹುಡುಗ ಹೊಟ್ಟೆಗೆ ಒತ್ತಿದ ಮುಖ ತೆಗೆಯಲಿಲ್ಲ.

"ಕೆಲ್ಸದ ಮೇಲೆ ಊರೂರು ತಿರುಗ್ತಾ ಇದ್ವಿ ಸಾ. ತಲೆ ಮುಟ್ಟಿಸ್ಕಳ್ತಿರ್ನಿಲ್ಲ ಇವ್ನು, ಕಿರುಚಾಡವ್ನು. ನಾನೂ ಬುಟ್ಬುಟ್ಟೆ. ಹರಕೆ ಗಿರಕೆ ಏನಿಲ್ಲ."

ಹಿಂದೆ ನಿಂತಿದ್ದ ವಾರ್ಡನ್ ಗಟ್ಟಿಯಾಗಿ ನಕ್ಕ. "ಏನ್ರೀ, ಮಂಗಳವಾರದ ಪೂಜಾರಿಗಳೇ! ಹುಡುಗ ನಿಮ್ಗೆ ಚೆನ್ನಾಗಿ ಎಣ್ಣೆ ಹಚ್ಚಿದ್ನಲ್ಲ!"

ನನಗೆ ಕೋಪ ಬಂತು. ಸಣ್ಣ ಕೋಪವಲ್ಲ. ವರ್ಷದ ರಜೆಯನ್ನೆಲ್ಲ ದೇವರಿಗೆ ಅಂತ ಕೊಟ್ಟಿದ್ದೆ. ಮನೆಯಲ್ಲಿ, ಅಂಗಡಿಯಲ್ಲಿ, ಕೇಳಿದವರಿಗೆಲ್ಲ ಮಾದಪ್ಪನ ಸೇವೆ ಅಂತ ಹೇಳಿಕೊಂಡಿದ್ದೆ. ಪೆಟ್ಟಿಗೆ ಎತ್ತಿಕೊಂಡು ಗೇಟಿನ ಕಡೆ ನಡೆದೆ. ಮೇಡಂ ಹಿಂದೆಯೇ ಬಂದರು.

"ಯಜಮಾನ್ರೇ, ನನಗೆ ಗೊತ್ತಿತ್ತು," ಅಂದರು.

ನಿಂತೆ.

"ಅವನು ಬಂದ ವಾರವೇ ಆಸ್ಪತ್ರೆಗೆ ಹೋಗಿ ತಾಯಿನ ಕೇಳಿದ್ದೆ. ಹರಕೆ ಇಲ್ಲ ಅಂದ್ಲು. ಜ್ವರ ಏರಿದಾಗ ಅವಳಿಗೆ ಮಗನ ಗುರುತೇ ಸಿಕ್ಕಿರಲಿಲ್ಲವಂತೆ, ಯಾರಪ್ಪ ನೀನು ಅಂದಿದ್ಲಂತೆ. ಅಲ್ಲಿಂದ ನೇರ ಇಲ್ಲಿಗೆ ಬಂದವನು ಅವನು. ಬೋಳಿಸಿಬಿಟ್ರೆ ಅವ್ವ ಇನ್ಯಾವತ್ತೂ ಗುರುತು ಹಿಡಿಯಲ್ಲ ಅನ್ನೋ ಭಯ. ಅದನ್ನ ನಮಗೆ ಹೇಳಿದ್ರೆ ಕೇಳ್ತಿದ್ವಾ?"

ನಾನು ಪೆಟ್ಟಿಗೆಯನ್ನು ಇನ್ನೊಂದು ಕೈಗೆ ಬದಲಿಸಿದೆ.

"ಅವನ ಮಾತಿಗೆ ನೀವು ಕತ್ತಿ ಕೆಳಗಿಡ್ತಿರಲಿಲ್ಲ. ನನ್ನ ಮಾತಿಗೂ ಇಡ್ತಿದ್ರೋ ಇಲ್ವೋ. ದೇವರ ಹೆಸರು ಬರಬೇಕಾಯ್ತು."

"ನನ್ನ ಮಂಗಳವಾರಗಳೆಲ್ಲ ಒಂದು ಸುಳ್ಳಿಗೆ ಹೋಯ್ತಾ ಹಂಗಾದ್ರೆ ಮೇಡಂ?"

"ಮಾದಪ್ಪನಿಗೆ ಹೋಯ್ತು ಅಂದ್ಕೊಳ್ಳಿ. ಇಲ್ಲ, ಆ ಹುಡುಗನಿಗೆ ಹೋಯ್ತು ಅಂದ್ಕೊಳ್ಳಿ. ಎರಡರಲ್ಲಿ ನಿಮಗೆ ನಷ್ಟ ಯಾವುದು?"

ಕೋಪ ಹೋಯಿತು ಅಂತ ಹೇಳಲಾರೆ. ಆದರೆ ಗೇಟು ದಾಟಲಿಲ್ಲ.

ಅಷ್ಟರಲ್ಲಿ ಜಗಲಿಯಿಂದ ಹುಡುಗನ ಕೂಗು. ಹೋಗಿ ನೋಡಿದರೆ ತಾಯಿಯೇ ಅವನ ಕೈ ಹಿಡಿದು ಗದರುತ್ತಿದ್ದಳು. ನಡೆದದ್ದನ್ನೆಲ್ಲ ಅಡುಗೆಯಮ್ಮ ಅವಳಿಗೆ ಹೇಳಿದ್ದಳು.

"ದೇವ್ರೆಸ್ರು ಯೋಳ್ಬುಟ್ಟಿದ್ದೀಯಲ್ಲ! ನನ್ನ ಉಳಿಸಿದ್ದು ಮತ್ಯಾರು? ಬಾಯಲ್ಲಿ ಬಂದ್ಮೇಲೆ ಆಯ್ತು, ಅದು ಅವನ್ದೇ. ಬೆಟ್ಟಕ್ಕೋಗಿ ಬೋಳಿಸ್ಕೊಂಡು ಬರಾದೆ."

"ಬ್ಯಾಡ ಕಣವ್ವ, ಬ್ಯಾಡ!" ಹುಡುಗ ಎರಡೂ ಕೈಯನ್ನು ಕಿವಿಯ ಪಕ್ಕ ಇಟ್ಟುಕೊಂಡಿದ್ದ, ಮೊದಲ ವಾರದ ಹಾಗೆ.

ಅವಳು ಹೇಳುತ್ತಿದ್ದುದರಲ್ಲಿ ತಪ್ಪಿಲ್ಲ, ನಮ್ಮ ಕಡೆ ಯಾರೇ ಆದರೂ ಹಾಗೇ ಹೇಳುತ್ತಿದ್ದರು. ವಾರ್ಡನ್ ಕೂಡ ನಗುವುದು ನಿಲ್ಲಿಸಿದ್ದ. ಮೇಡಂ ನನ್ನನ್ನು ನೋಡಿದರು. ಇದು ನನ್ನ ಕಸುಬಿನ ವಿಷಯ, ಇದರಲ್ಲಿ ಎಲ್ಲರೂ ನನ್ನ ಮಾತು ಕೇಳುತ್ತಾರೆ. ಪೂರ್ತಿ ಕೊಡಬೇಕು ಅಂದಿದ್ದರೆ ಹುಡುಗನನ್ನು ಬೆಟ್ಟದ ಬಸ್ಸಿಗೆ ಹತ್ತಿಸಿಬಿಡುತ್ತಿದ್ದರು. ಸುಳ್ಳು ಹೇಳಿದವನಿಗೆ ತಕ್ಕ ಶಾಸ್ತಿಯೂ ಆಗುತ್ತಿತ್ತು. ಆ ಯೋಚನೆ ನನಗೆ ಬರಲಿಲ್ಲ ಅನ್ನುವುದಿಲ್ಲ.

"ಅಮ್ಮಾ," ಅಂದೆ. "ಹರಕೆ ಕೊಡಬೇಕು, ಸರಿ. ಆದ್ರೆ ಪೂರ್ತಿ ಬೋಳಿಸ್ಲೇಬೇಕು ಅಂತಿಲ್ಲ. ಹೆಣ್ಮಕ್ಕಳು ಕೊಡಲ್ವಾ, ತುದೀಲಿ ಒಂದಿಷ್ಟು ಕತ್ತರಿಸಿ? ದೇವ್ರು ಅದನ್ನೂ ತಗೋತಾನೆ. ನಮ್ಮಪ್ಪನ ಕಾಲದಿಂದ ನಾನು ನೋಡಿದ್ದೀನಿ."

"ಗಂಡುಡುಗ ಅಲ್ವಾ ಸಾ?"

"ಮಾದಪ್ಪಂಗೆ ಎಲ್ರೂ ಒಂದೇ ಕಣಮ್ಮ."

ಅವಳು ಮೇಡಂ ಮುಖ ನೋಡಿದಳು, ಅಡುಗೆಯಮ್ಮನ ಮುಖ ನೋಡಿದಳು. ಅಡುಗೆಯಮ್ಮ ಹೌದು ಅನ್ನುವ ಹಾಗೆ ತಲೆಯಾಡಿಸಿದಳು. "ಹಂಗಾರೆ ಈಗ್ಲೇ ಕತ್ತರಿಸ್ಕೊಡಿ ಸಾ, ನಾನ್ ತಕ್ಕೊಂಡೋಗಿ ಹುಂಡಿಗೆ ಹಾಕ್ಬತ್ತೀನಿ."

"ಪೂರ್ತಿ ಮುಡಿ ಆದ್ರೆ ಬೆಟ್ಟದಲ್ಲೇ ತೆಗೀಬೇಕು, ತುದಿ ಮಾತ್ರ ಆದ್ರೆ ಇಲ್ಲೇ ಕತ್ತರಿಸ್ಬೋದು. ಆದ್ರೆ ಇವತ್ತು ಮಂಗಳವಾರ. ಕತ್ತರಿ ಮುಟ್ಟಲ್ಲ. ನಾಳೆ ಬೆಳಿಗ್ಗೆ ಅಂಗಡಿಗೆ ಬನ್ನಿ."

ಬುಧವಾರ ಷಟರ್ ಎತ್ತುವ ಹೊತ್ತಿಗೆ ಇಬ್ಬರೂ ಬಂದು ಮೆಟ್ಟಿಲ ಮೇಲೆ ಕೂತಿದ್ದರು. ಹುಡುಗನನ್ನು ದೊಡ್ಡ ಕುರ್ಚಿಯಲ್ಲಿ ಕೂರಿಸಿ ಬಿಳಿ ಬಟ್ಟೆ ಹೊದಿಸಿದೆ. ಜಡೆ ಬಿಚ್ಚಿ ಬಾಚಿದೆ. ಕನ್ನಡಿಯಲ್ಲಿ ಅವನು ನನ್ನ ಕೈಯನ್ನೇ ನೋಡುತ್ತಿದ್ದ. ನಾನು ಕತ್ತರಿಯನ್ನು ಅವನ ಮುಂದೆ ಹಲಗೆಯ ಮೇಲಿಟ್ಟು, ಕೂದಲನ್ನು ಅವನ ಕೈಗೇ ಕೊಟ್ಟೆ.

"ಎಷ್ಟು ಅಂತ ನೀನು ಹೇಳು. ನೀನು ಹೇಳಿದ್ದಕ್ಕಿಂತ ಒಂದೆಳೆ ಜಾಸ್ತಿ ಕತ್ತರಿಸಲ್ಲ."

ಅವನು ತಾಯಿಯ ಕಡೆ ತಿರುಗಿದ. ಅವಳು ಬೆಂಚಿನ ಮೇಲೆ ಕೂತು ಮಡಿಲಲ್ಲಿ ಸೆರಗು ಹರಡಿಕೊಂಡಿದ್ದಳು. ಹುಡುಗ ಒಂದು ಸಣ್ಣ ಎಳೆ ಬೇರೆ ಮಾಡಿ, ಕಿರುಬೆರಳಿನಷ್ಟು ದಪ್ಪದ್ದು, ತುದಿಯಲ್ಲಿ ಹಿಡಿದು ತೋರಿಸಿದ. "ಇಷ್ಟು."

ನಾನು ಕತ್ತರಿ ತೆಗೆದುಕೊಂಡೆ.

"ತಾಳಿ ಮಾಮ."

ಮತ್ತೆ ಬೆರಳು ಹಾಕಿ ಬಿಡಿಸಿದ. ಇನ್ನೊಂದು ಎಳೆ ಸೇರಿಸಿದ. ನೋಡಿದ. ಇನ್ನೊಂದು ಸೇರಿಸಿದ. ಮುಷ್ಟಿ ತುಂಬ ಆಯಿತು. ಹಿಡಿತವನ್ನು ತುದಿಯಿಂದ ಮೇಲಕ್ಕೆ, ಭುಜದ ತನಕ ತಂದು ನಿಲ್ಲಿಸಿದ.

"ಯಾಕ್ಲಾ, ಸಾಕಿತ್ತಲ್ಲ?" ಅಂದೆ.

"ಅವ್ವ ಬಂದವ್ಳಲ್ಲ ಮಾಮ," ಅಂದ. "ಕೊಡಾನ."

ಅವನು ಹಿಡಿದಿದ್ದ ಜಾಗಕ್ಕೆ ಸರಿಯಾಗಿ ಕತ್ತರಿ ಹಾಕಿದೆ. ಅವನು ಕಣ್ಣು ಮುಚ್ಚಲಿಲ್ಲ. ಹಿಡಿ ಕೂದಲನ್ನು ತಾನೇ ತೆಗೆದುಕೊಂಡು ಹೋಗಿ ತಾಯಿಯ ಸೆರಗಿಗೆ ಹಾಕಿ, ಬಂದು ಮತ್ತೆ ಕುರ್ಚಿ ಹತ್ತಿ ಕೂತ.

"ಇನ್ನು ಉಳಿದಿದ್ದು ಜಡೆ ಹಾಕ್ಲಾ?" ಕೇಳಿದೆ.

"ಬ್ಯಾಡ. ಹಂಗೇ ಬುಡಿ," ಅಂದ.